ಹಲ್ಲಿನ ಸೆಟ್ ಜೋಪಾನ: ಹಾಕಿಕೊಂಡವರೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹನುಮಂತನಗರದ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಹಲ್ಲು ಕಟ್ಟುವ ಕೆಲಸ ನನ್ನದು. ಸೆಟ್ ಕೊಟ್ಟ ದಿನ ಎಲ್ಲರಿಗೂ ಬಿಡಿಸಿ ಹೇಳಿಯೇ ಕಳಿಸುತ್ತೇನೆ. ಆದರೆ ಬಾಯಲ್ಲಿ ಹೊಸದೊಂದು ವಸ್ತು ಇಟ್ಟುಕೊಂಡು ಕೂತವರಿಗೆ ಅರ್ಧ ಮಾತು ಕಿವಿಗೇ ಬಿದ್ದಿರುವುದಿಲ್ಲ. ಮನೆಗೆ ಹೋದ ಮೇಲೆ ಫೋನ್ ಬರುತ್ತದೆ. ಮಗಳೋ ಸೊಸೆಯೋ ವಾಟ್ಸಾಪ್‌ನಲ್ಲಿ ಫೋಟೋ ಕಳಿಸುತ್ತಾರೆ. ಕೆಲವು ಹಿರಿಯರು ಇವತ್ತಿಗೂ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಪ್ರಶ್ನೆ ಬರೆದುಕೊಂಡು ಬರುತ್ತಾರೆ. ಹಾಗೆ ಬಂದ ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೆಟ್ ಕೆಟ್ಟು ಬರುವವರಿಗಿಂತ, ನೋವು ನುಂಗಿಕೊಂಡು ತಿಂಗಳುಗಟ್ಟಲೆ ಸುಮ್ನೆ ಇದ್ದು ಬರುವವರೇ ಜಾಸ್ತಿ. "ಮಕ್ಕಳಿಗೆ ರಜೆ ಹಾಕಿಸೋದು ಯಾಕೆ" ಅನ್ನುತ್ತಾರೆ. ನಿಮ್ಮ ಮನೆಯಲ್ಲಿ ಸೆಟ್ ಹಾಕಿಕೊಂಡವರಿದ್ದರೆ ಅವರು ಹೇಳುವವರೆಗೆ ಕಾಯಬೇಡಿ, ನೀವೇ ಕೇಳಿ.

## ಮೊದಲ ಕೆಲವು ವಾರ

"ಬಾಯಿ ತುಂಬ ಏನೋ ತುರುಕಿದ ಹಾಗಿದೆ, ಎಂಜಲು ಬರ್ತಾನೇ ಇರುತ್ತೆ. ಹೀಗೇನಾ ಇರೋದು ಡಾಕ್ಟ್ರೇ?"

ಹೀಗೇ ಇರುವುದಿಲ್ಲ. ಬಾಯಿಯೊಳಗೆ ಏನೇ ಬಂದರೂ ಅದು ಊಟ ಅಂತಲೇ ದೇಹ ತಿಳಿದುಕೊಳ್ಳುತ್ತದೆ, ಅದಕ್ಕೇ ಎಂಜಲು ಉಕ್ಕುತ್ತದೆ. ಕೆಲವು ದಿನದಲ್ಲಿ ಅದು ತಾನಾಗಿ ಇಳಿಯುತ್ತದೆ. ನಾಲಿಗೆ, ಕೆನ್ನೆ, ತುಟಿ ಹೊಸ ಜಾಗಕ್ಕೆ ಒಗ್ಗಿಕೊಳ್ಳಲು ಕೆಲವು ವಾರ ಬೇಕು.

ಎಲ್ಲಾದರೂ ಒತ್ತಿ ಗಾಯ ಆಗಿದ್ದರೆ ಬಂದು ತೋರಿಸಿ. ಆದರೆ ಎರಡು ದಿನ ಸೆಟ್ ತೆಗೆದಿಟ್ಟು ಬರಬೇಡಿ. ಅಷ್ಟರಲ್ಲಿ ಗಾಯ ಮಾಯ್ದಿರುತ್ತದೆ, ಎಲ್ಲಿ ತೇಯಬೇಕು ಅಂತ ನಮಗೆ ಕಾಣುವುದೇ ಇಲ್ಲ. ಬರುವ ದಿನ ಒಂದಷ್ಟು ಗಂಟೆ ಹಾಕಿಕೊಂಡೇ ಬನ್ನಿ. ಕೆಂಪು ಗುರುತು ಸಿಕ್ಕರೆ ಐದು ನಿಮಿಷದ ಕೆಲಸ. ಮನೆಯಲ್ಲಿ ನೀವೇ ತೇಯಲು ಹೋಗಬೇಡಿ. ಒಬ್ಬ ಹಿರಿಯರು ಅಂಗಳದ ಕಡಪ ಕಲ್ಲಿಗೆ ಉಜ್ಜಿಕೊಂಡು ಬಂದಿದ್ದರು. ನೋವಿದ್ದದ್ದು ಬಲಗಡೆ, ತೇದಿದ್ದು ಎಡಗಡೆ. ಕೈಯಲ್ಲಿ ತಿರುಗಿಸಿ ಹಿಡಿದಾಗ ಎಡಬಲ ಯಾರಿಗಾದರೂ ತಪ್ಪುತ್ತದೆ. ಅವರಿಗೆ ಹೊಸ ಸೆಟ್ಟೇ ಮಾಡಬೇಕಾಯಿತು.

"ಸ, ಶ ಅಂದ್ರೆ ಸೀಟಿ ಹೊಡೆದ ಹಾಗೆ ಕೇಳುತ್ತೆ"

ದಿನಾ ಬೆಳಿಗ್ಗೆ ಪೇಪರ್ ಗಟ್ಟಿಯಾಗಿ ಓದಿ, ಒಂದು ಹತ್ತು ನಿಮಿಷ. ವಿಷ್ಣುಸಹಸ್ರನಾಮ ಬರುವವರು ಅದನ್ನೇ ಹೇಳಿಕೊಳ್ಳಬಹುದು, ಅದರಲ್ಲಿ ಸ, ಶ, ಷ ಬೇಕಾದಷ್ಟಿವೆ. ಮೊದಮೊದಲು ನಿಧಾನಕ್ಕೆ ಹೇಳಿ. ತಿಂಗಳಾದರೂ ಸರಿಹೋಗದಿದ್ದರೆ ಮುಂದಿನ ಹಲ್ಲುಗಳ ಜಾಗವನ್ನೋ ಅಂಗುಳದ ದಪ್ಪವನ್ನೋ ನಾವು ನೋಡಬೇಕು.

"ಮೇಲಿನದು ಗಟ್ಟಿಯಾಗಿ ಕೂತಿದೆ, ಕೆಳಗಿನದು ಮಾತ್ರ ಯಾಕೆ ತೇಲುತ್ತೆ?"

ಇದು ನಿಮ್ಮ ತಪ್ಪೂ ಅಲ್ಲ, ಎಷ್ಟೋ ಸಲ ಡಾಕ್ಟರ ತಪ್ಪೂ ಅಲ್ಲ. ಮೇಲಿನ ಸೆಟ್ ಇಡೀ ಅಂಗುಳವನ್ನು ಮುಚ್ಚುತ್ತದೆ. ನಡುವೆ ಎಂಜಲಿನ ತೆಳು ಪದರ ನಿಂತು, ಒದ್ದೆ ಗಾಜಿನ ಮೇಲೆ ಇನ್ನೊಂದು ಗಾಜು ಇಟ್ಟ ಹಾಗೆ ಅದು ಹಿಡಿದುಕೊಳ್ಳುತ್ತದೆ. ಕೆಳಗಿನದು ಕುದುರೆ ಲಾಳದ ಆಕಾರ. ಹಿಡಿದುಕೊಳ್ಳಲು ಜಾಗ ಕಡಿಮೆ, ನಡುವೆ ನಾಲಿಗೆ ಬೇರೆ ಸದಾ ಆಡುತ್ತಿರುತ್ತದೆ. ಬಾಯಿ ತೆರೆದಾಗ ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಳ್ಳುವ ಅಭ್ಯಾಸ ಇದ್ದರೆ ಕೆಳಗಿನ ಸೆಟ್ ಎದ್ದೇ ಏಳುತ್ತದೆ. ನಾಲಿಗೆಯ ತುದಿ ಮುಂದಿನ ಹಲ್ಲಿನ ಹಿಂಭಾಗಕ್ಕೆ ಮೆಲ್ಲಗೆ ತಾಗಿಕೊಂಡಿರಲಿ. ಇದನ್ನು ರೂಢಿ ಮಾಡಿಕೊಂಡವರಿಗೆ ಎಷ್ಟೋ ವಾಸಿ.

"ರಾತ್ರಿ ತೆಗೆದಿಡಲೇಬೇಕಾ? ಯಜಮಾನರ ಮುಂದೆ ಬೊಚ್ಚುಬಾಯಲ್ಲಿ ಇರೋಕೆ ನಾಚಿಕೆ ಆಗುತ್ತೆ"

ಎಪ್ಪತ್ತು ದಾಟಿದ ಒಬ್ಬ ಅಮ್ಮ ಇದನ್ನು ನನ್ನ ಕಿವಿಯ ಹತ್ತಿರ ಬಂದು ಕೇಳಿದರು, ಹೊರಗೆ ಕೂತ ಯಜಮಾನರಿಗೆ ಕೇಳಿಸಬಾರದು ಅಂತ. ಆ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೂ ಉತ್ತರ ಬದಲಾಗುವುದಿಲ್ಲ: ತೆಗೆದಿಡಬೇಕು.

ಹಗಲೆಲ್ಲ ಸೆಟ್ ಕೆಳಗೆ ಒತ್ತಿಸಿಕೊಂಡ ವಸಡಿಗೆ ಗಾಳಿ, ಎಂಜಲು ಆಡಲು ಸಮಯ ಬೇಕು. ರಾತ್ರಿ ಎಂಜಲು ಬರುವುದೇ ಕಡಿಮೆ. ಆಗ ಸೆಟ್ ಒಳಗಿದ್ದರೆ ಅದರಡಿಯಲ್ಲಿ ಬೂಸ್ಟಿನ ಜಾತಿಯ ಕ್ರಿಮಿ ಚೆನ್ನಾಗಿ ಬೆಳೆಯುತ್ತದೆ. ಇದು ಬಾಯಿಯ ವಿಷಯ ಮಾತ್ರ ಅಲ್ಲ. ಜಪಾನಿನಲ್ಲಿ 85 ವರ್ಷ ದಾಟಿದವರನ್ನು ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಬಂತು. ಸೆಟ್ ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಬರುವ ಅಪಾಯ ಸುಮಾರು ಎರಡು ಪಟ್ಟು ಅಂತ ಅದರಲ್ಲಿ ಕಂಡಿತು. ಸೆಟ್ಟಿನ ಮೇಲೆ ಕೂತ ಕೊಳೆ ನಿದ್ದೆಯಲ್ಲಿ ಎಂಜಲಿನ ಜೊತೆ ಶ್ವಾಸಕೋಶಕ್ಕೆ ಇಳಿಯಬಹುದು.

ಆ ಅಮ್ಮನಿಗೆ ನಾನು ಹೇಳಿದ್ದು ಇಷ್ಟು. ದೀಪ ಆರಿಸಿದ ಮೇಲೆ ತೆಗೆದು ಪಕ್ಕದ ಡಬ್ಬಿಯಲ್ಲಿಡಿ, ಬೆಳಿಗ್ಗೆ ಎದ್ದ ತಕ್ಷಣ ತೊಳೆದು ಹಾಕಿಕೊಳ್ಳಿ. ಅದೂ ಆಗದವರು ಹಗಲಲ್ಲಿ ಒಬ್ಬರೇ ಇರುವ ಹೊತ್ತು ನೋಡಿ ನಾಲ್ಕಾರು ಗಂಟೆಯಾದರೂ ತೆಗೆದಿಡಿ.

## ತೊಳೆಯುವುದು, ನೆನೆಸುವುದು

"ಯಾವ ಪೇಸ್ಟ್ ಹಾಕಿ ಉಜ್ಜಬೇಕು?"

ಯಾವ ಪೇಸ್ಟೂ ಬೇಡ. ಪೇಸ್ಟಿನಲ್ಲಿ ಹಲ್ಲು ತಿಕ್ಕಲು ಸಣ್ಣ ಹರಳಿನಂಥ ಪುಡಿ ಇರುತ್ತದೆ. ನಮ್ಮ ಸ್ವಂತ ಹಲ್ಲಿನ ಮೇಲ್ಪದರ ಅದನ್ನು ತಡೆದುಕೊಳ್ಳುತ್ತದೆ. ಸೆಟ್ ಮಾಡುವ ಅಕ್ರಿಲಿಕ್ ಅದಕ್ಕಿಂತ ತುಂಬಾ ಮೆದು. ದಿನಾ ಉಜ್ಜಿದರೆ ಕಣ್ಣಿಗೆ ಕಾಣದ ಗೀರು ಬೀಳುತ್ತವೆ, ಆ ಗೀರಿನಲ್ಲಿ ಕೊಳೆ, ಕಾಫಿ ಬಣ್ಣ, ವಾಸನೆ ಎಲ್ಲ ಸೇರಿಕೊಳ್ಳುತ್ತದೆ. ಹೊಳಪು ಹೋದ ಸೆಟ್ ನೋಡಿದ ಕೂಡಲೇ ನನಗೆ ಪೇಸ್ಟ್ ಕಥೆ ಗೊತ್ತಾಗುತ್ತದೆ. ಹಲ್ಲುಪುಡಿ, ಇದ್ದಿಲು, ಉಪ್ಪು, ಪೀತಾಂಬರಿ ಇವಂತೂ ಬೇಡವೇ ಬೇಡ.

ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಅಥವಾ ಮಾಮೂಲಿ ಕೈ ತೊಳೆಯುವ ಸೋಪು ಸಾಕು. ಸೆಟ್ಟಿಗೆ ಅಂತಲೇ ಒಂದು ಮೆದು ಬ್ರಷ್ ಬೇರೆ ಇಟ್ಟುಕೊಳ್ಳಿ. ಹೊರಗಿನ ಹಲ್ಲಿನ ಭಾಗ ಎಲ್ಲರೂ ಉಜ್ಜುತ್ತಾರೆ, ವಸಡಿಗೆ ತಾಗುವ ಒಳಭಾಗವನ್ನು ಮರೆಯುತ್ತಾರೆ. ಕೊಳೆ ಜಾಸ್ತಿ ಕೂರುವುದು ಅಲ್ಲೇ. ಹೆಬ್ಬೆರಳಿನಿಂದ ಒಳಗೆ ಸವರಿ ನೋಡಿ, ಲೋಳೆಲೋಳೆ ಅನ್ನಿಸಿದರೆ ಇನ್ನೊಮ್ಮೆ ಉಜ್ಜಿ. ಕೊನೆಗೆ ಸೋಪಿನ ರುಚಿ ಇಲ್ಲದ ಹಾಗೆ ತೊಳೆಯಿರಿ. ಪ್ರತಿ ಊಟ ಆದ ಮೇಲೆ ನೀರಲ್ಲಿ ಜಾಲಾಡಿಸಿದರೆ ಸಾಕು, ಬ್ರಷ್ ದಿನಕ್ಕೊಂದು ಸಲವಾದರೂ ಆಗಲೇಬೇಕು.

ತೊಳೆಯುವಾಗ ಬೇಸಿನ್‌ನಲ್ಲಿ ಅರ್ಧ ನೀರು ತುಂಬಿಸಿ, ಇಲ್ಲವೇ ಒಂದು ಟವೆಲ್ ಹಾಸಿಕೊಳ್ಳಿ. ಸೋಪು ಹಚ್ಚಿದ ಸೆಟ್ ಮೀನಿನ ಹಾಗೆ ಜಾರುತ್ತದೆ. ಕೆಳಗಿನ ಸೆಟ್ ಅನ್ನು ಎರಡು ತುದಿ ಹಿಡಿದು ಅದುಮಬೇಡಿ, ನಡುವೆ ಲಟಕ್ಕನೆ ಮುರಿಯುತ್ತದೆ. ಒಂದು ಬದಿಯನ್ನು ಮಾತ್ರ ಹಿಡಿದು ಆ ಬದಿ ಉಜ್ಜಿ, ಆಮೇಲೆ ಇನ್ನೊಂದು ಬದಿ.

"ಕುದಿಯೋ ನೀರಿಗೆ ಹಾಕಿದರೆ ಕ್ರಿಮಿ ಸಾಯಲ್ವಾ? ಮಗುವಿನ ಬಾಟ್ಲಿಗೆ ಹಾಗೇ ಮಾಡ್ತಿದ್ವಿ"

ಕ್ರಿಮಿ ಸಾಯಬಹುದು, ಜೊತೆಗೆ ಸೆಟ್ ಕೂಡ ಹಾಳಾಗುತ್ತದೆ. ಬಿಸಿಗೆ ಅಕ್ರಿಲಿಕ್ ಸೊಟ್ಟಗಾಗುತ್ತದೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ, ಬಾಯಿಗೆ ಹಾಕಿದಾಗ ಕೂರುವುದಿಲ್ಲ. ಮತ್ತೆ ಮೊದಲಿನ ಹಾಗೆ ಮಾಡಲು ಬರುವುದಿಲ್ಲ. ಗೀಸರ್‌ನಿಂದ ಬಂದ ಸುಡುನೀರೂ ಬೇಡ. ನಲ್ಲಿಯ ತಣ್ಣೀರು, ಇಲ್ಲವೇ ಕೈಗೆ ಹಿತವಾದ ಉಗುರುಬೆಚ್ಚಗಿನ ನೀರು ಸಾಕು.

"ಮಾತ್ರೆ ಹಾಕಿ ನೆನೆಸಿಟ್ಟರೆ ಉಜ್ಜೋದು ಬೇಡ ತಾನೆ?"

ಎರಡೂ ಬೇಕು. ಕ್ಲಿನ್ಸೊಡೆಂಟ್, ಪಾಲಿಡೆಂಟ್ ತರಹದವು ನೀರಿನಲ್ಲಿ ಗುಳ್ಳೆ ಎಬ್ಬಿಸಿ ಕೊಳೆ ಸಡಿಲಿಸುತ್ತವೆ. ಅಂಟಿಕೊಂಡ ಪದರ ಬಿಡಿಸಲು ಬ್ರಷ್ಷೇ ಆಗಬೇಕು. ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ನೆನೆಸಿ, ಚೆನ್ನಾಗಿ ತೊಳೆದು, ಆಮೇಲೆ ಬರೀ ನೀರಿನಲ್ಲಿ ಇಡಿ. ಆ ಮಾತ್ರೆ ಬಾಯಿಗೆ ಹಾಕುವಂಥದ್ದಲ್ಲ. ಬಿಪಿ, ಶುಗರ್ ಮಾತ್ರೆಗಳ ಡಬ್ಬಿಯ ಪಕ್ಕ ಇಡಲೇಬೇಡಿ. ಕಣ್ಣು ಮಂಜಾದವರು ನುಂಗಿದರೆ ಗಂಟಲು ಸುಡುತ್ತದೆ. ಕೆಲವರಿಗೆ ಅದರಲ್ಲಿರುವ ಪರ್‌ಸಲ್ಫೇಟ್‌ಗೆ ಅಲರ್ಜಿಯೂ ಇರುತ್ತದೆ. ತುಟಿ ಊದಿದರೆ, ಬಾಯಿ ಉರಿದರೆ ನಿಲ್ಲಿಸಿ, ಡಾಕ್ಟರಿಗೆ ತಿಳಿಸಿ.

ಮಾತ್ರೆ ಕೊಳ್ಳಲು ಆಗದಿದ್ದರೆ ಚಿಂತೆ ಬೇಡ. ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿ ಬರೀ ತಣ್ಣೀರಿನಲ್ಲಿಟ್ಟರೂ ಸೆಟ್ ಚೆನ್ನಾಗಿರುತ್ತದೆ. ಒಣಗಲು ಮಾತ್ರ ಬಿಡಬೇಡಿ. ಅಕ್ರಿಲಿಕ್ ಸ್ವಲ್ಪ ನೀರು ಹೀರಿಕೊಂಡಿರುತ್ತದೆ, ಒಣಗಿದರೆ ಆಕಾರ ಕೊಂಚ ಕುಗ್ಗುತ್ತದೆ. ಡಬ್ಬಿಯ ನೀರನ್ನು ದಿನಾ ಬದಲಿಸಿ.

"ನಮ್ಮದು ಬೋರ್‌ವೆಲ್ ನೀರು. ಸೆಟ್ ಮೇಲೆ ಬಕೆಟ್‌ಗೆ ಕಟ್ಟೋ ಹಾಗೆ ಬಿಳಿ ಕಟ್ಟಿದೆ"

ವೈಟ್‌ಫೀಲ್ಡ್, ಸರ್ಜಾಪುರ ಕಡೆಯಿಂದ ಬರುವವರು ಇದನ್ನು ಜಾಸ್ತಿ ಕೇಳುತ್ತಾರೆ. ಕಾವೇರಿ ನೀರು ಮೊದಲಿನಿಂದ ಬರುವ ಬಡಾವಣೆಯವರು ಕಡಿಮೆ. ಗಡಸು ನೀರಿನ ಸುಣ್ಣದ ಅಂಶ ಒಂದು ಕಾರಣ. ಇನ್ನೊಂದು ಕಾರಣ ನಿಮ್ಮ ಎಂಜಲಿನಲ್ಲೇ ಇದೆ. ಸೆಟ್ ಕೈಯಲ್ಲಿ ಹಿಡಿದು ಬೆಳಕಿಗೆ ನೋಡಿ. ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಯಲ್ಲೋ, ಮೇಲಿನ ದವಡೆ ಹಲ್ಲುಗಳ ಕೆನ್ನೆ ಬದಿಯಲ್ಲೋ ಹಳದಿ-ಬಿಳಿ ಗಟ್ಟಿ ಪದರ ಕಾಣುತ್ತದೆ. ಎಂಜಲಿನ ನಾಳಗಳು ಬಾಯಿಗೆ ತೆರೆಯುವುದು ಸರಿಯಾಗಿ ಆ ಎರಡು ಜಾಗದಲ್ಲಿ. ಉಜ್ಜದೆ ಬಿಟ್ಟ ಕೊಳೆಯ ಮೇಲೆ ಅಲ್ಲಿನ ಕ್ಯಾಲ್ಸಿಯಂ ಕೂತು ಕಲ್ಲಾಗುತ್ತದೆ.

ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ನೆನೆಸಿ, ಉಜ್ಜಿ, ತೊಳೆಯಿರಿ. ವಾರಕ್ಕೊಂದು ಸಲ ಮಾಡಿದರೆ ಪದರ ಗಟ್ಟಿಯಾಗುವುದಿಲ್ಲ. ಲೋಹದ ಕ್ಲಿಪ್ ಇರುವ ಸೆಟ್ಟಿಗೆ ಇದು ಬೇಡ. ಕಲ್ಲಾಗಿ ಹೋಗಿದ್ದರೆ ಚಾಕುವಿನಿಂದ ಕೆರೆಯಬೇಡಿ, ಕ್ಲಿನಿಕ್‌ಗೆ ತನ್ನಿ. ರಾತ್ರಿ ನೆನೆಸಲು ಕುಡಿಯುವ ಫಿಲ್ಟರ್ ನೀರನ್ನೇ ಒಂದು ಲೋಟ ಬಳಸಿ.

"ಒಂದೂ ಹಲ್ಲಿಲ್ಲ, ಇನ್ನು ಬಾಯಿ ಉಜ್ಜೋದೇನು?"

ವಸಡು, ನಾಲಿಗೆ, ಅಂಗುಳ ಉಳಿದಿವೆಯಲ್ಲ. ಬೆಳಿಗ್ಗೆ ಸೆಟ್ ಹಾಕುವ ಮುಂಚೆ ಒದ್ದೆ ಮಾಡಿದ ಮೆತ್ತನೆ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ ವಸಡನ್ನು ಒರೆಸಿ, ಮೆಲ್ಲಗೆ ತಿಕ್ಕಿ. ರಕ್ತ ಓಡಾಟಕ್ಕೂ ಒಳ್ಳೆಯದು. ನಾಲಿಗೆಯನ್ನು ಮರೆಯಬೇಡಿ. ಬಾಯಿ ವಾಸನೆ ಅಂತ ಸೆಟ್ಟನ್ನು ಬೈಯುವವರಲ್ಲಿ ಎಷ್ಟೋ ಜನರ ವಾಸನೆ ನಾಲಿಗೆಯದು.

## ಊಟ, ಕಾಫಿ, ಓಡಾಟ

"ಇನ್ಮೇಲೆ ಕೋಡುಬಳೆ, ಕಡಲೆಕಾಯಿ ಎಲ್ಲಾ ಬಿಟ್ಟುಬಿಡಬೇಕಾ?"

ಕಾರ್ತಿಕದ ಕೊನೆಯ ಸೋಮವಾರ ಹತ್ತಿರ ಬಂತೆಂದರೆ ಬಸವನಗುಡಿ ಸುತ್ತಿನವರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಪರಿಷೆಗೆ ಹೋಗಿ ಕಡಲೆಕಾಯಿ ತಿನ್ನದೆ ಬರುವುದು ಹೇಗೆ, ಅಲ್ವಾ? ತಿನ್ನಿ. ಹುರಿದದ್ದಕ್ಕಿಂತ ಬೇಯಿಸಿದ್ದು ತಿನ್ನಿ.

ಮೊದಲ ವಾರ ಅನ್ನ-ಸಾರು, ಇಡ್ಲಿ, ಪೊಂಗಲ್, ಮೊಸರನ್ನ. ಮುದ್ದೆ ತಿನ್ನುವ ಮನೆಯವರಿಗೆ ಚಿಂತೆಯೇ ಇಲ್ಲ, ಮುದ್ದೆಯನ್ನು ನುಂಗುವುದೇ ಹೊರತು ಅಗಿಯುವುದಿಲ್ಲ. ಆಮೇಲೆ ದೋಸೆ, ಚಪಾತಿ, ಬೆಂದ ತರಕಾರಿ. ಎರಡು ವಿಷಯ ರೂಢಿ ಮಾಡಿಕೊಳ್ಳಿ. ಒಂದು, ಎರಡೂ ಕಡೆ ಒಟ್ಟಿಗೆ ಅಗಿಯಿರಿ. ಒಂದೇ ಕಡೆ ಅಗಿದರೆ ಇನ್ನೊಂದು ಕಡೆ ಏಳುತ್ತದೆ, ತಕ್ಕಡಿಯ ಹಾಗೆ. ಎರಡು, ಮುಂದಿನ ಹಲ್ಲಿನಿಂದ ಕಚ್ಚಿ ಎಳೆಯಬೇಡಿ. ಸೇಬು, ಸೀಬೆ, ಜೋಳದ ತೆನೆ ಇವನ್ನೆಲ್ಲ ಕತ್ತರಿಸಿ, ಬಿಡಿಸಿ ತಿನ್ನಿ. ಸಂಕ್ರಾಂತಿಯ ಕಬ್ಬು ಮಾತ್ರ ಬೇಡ, ಕಬ್ಬಿನ ಹಾಲು ಕುಡಿಯಿರಿ. ಎಳ್ಳುಬೆಲ್ಲದ ಒಣಕೊಬ್ಬರಿಯನ್ನು ತುರಿದುಕೊಳ್ಳಬಹುದು. ಕೋಡುಬಳೆ, ನಿಪ್ಪಟ್ಟನ್ನು ಮುರಿದು ಕಾಫಿಯಲ್ಲೋ ಮೊಸರಿನಲ್ಲೋ ನೆನೆಸಿ ತಿಂದ ನಮ್ಮ ಅಜ್ಜಿ ಕೊನೆಯವರೆಗೂ ಒಂದು ಹಬ್ಬದ ತಿಂಡಿಯನ್ನೂ ಬಿಡಲಿಲ್ಲ.

ಎಳ್ಳು, ಸೀಬೆ ಬೀಜ, ಟೊಮೆಟೊ ಬೀಜ ಸೆಟ್ ಕೆಳಗೆ ನುಸುಳಿದರೆ ಮೊಳೆ ಚುಚ್ಚಿದ ಹಾಗಾಗುತ್ತದೆ. ಅಲ್ಲೇ ತೆಗೆದು ತೊಳೆದುಕೊಳ್ಳಿ, ಸಹಿಸಿಕೊಂಡು ಊಟ ಮುಗಿಸಬೇಡಿ. ಇನ್ನೊಂದು ಎಚ್ಚರ: ಮೇಲಿನ ಸೆಟ್ ಅಂಗುಳವನ್ನು ಮುಚ್ಚಿರುವುದರಿಂದ ಬಿಸಿ ಸರಿಯಾಗಿ ಗೊತ್ತಾಗುವುದಿಲ್ಲ. ಬೈಟೂ ಕಾಫಿ ಬಿಸಿಬಿಸಿ ಕುಡಿಯುವ ಅಭ್ಯಾಸದವರು ಮೊದಲು ತುಟಿಗೆ ತಾಗಿಸಿ ನೋಡಿ.

"ಎಲೆ ಅಡಿಕೆ ಹಾಕ್ತೀನಿ, ಸೆಟ್ ಕೆಂಪಾಗಿದೆ. ಬಿಳಿ ಆಗುತ್ತಾ?"

ಮೇಲ್ಮೈಯ ಕಲೆಯನ್ನು ಕ್ಲಿನಿಕ್‌ನಲ್ಲಿ ಪಾಲಿಶ್ ಮಾಡಿ ತೆಗೆಯಬಹುದು, ಒಳಗಿಳಿದದ್ದು ಹೋಗುವುದಿಲ್ಲ. ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ಅದ್ದಬೇಡಿ. ಗುಲಾಬಿ ಬಣ್ಣ ಬಿಳಿಚಿಕೊಳ್ಳುತ್ತದೆ, ಲೋಹ ಇದ್ದರೆ ಕಪ್ಪಾಗುತ್ತದೆ. ನಿಜವಾಗಿ ಹೇಳಬೇಕೆಂದರೆ ನನಗೆ ಸೆಟ್ಟಿನ ಬಣ್ಣಕ್ಕಿಂತ ನಿಮ್ಮ ಕೆನ್ನೆಯ ಒಳಭಾಗದ ಚಿಂತೆ. ಅಡಿಕೆ ಬಾಯಿ ಕ್ಯಾನ್ಸರ್ ತರುತ್ತದೆ, ಹೊಗೆಸೊಪ್ಪು ಸೇರಿದರೆ ಇನ್ನೂ ಜಾಸ್ತಿ. ಬಿಡಲು ಆದರೆ ಬಿಡಿ.

"ಹೋಟೆಲ್‌ನಲ್ಲಿ ಟಿಶ್ಯೂಗೆ ಸುತ್ತಿಟ್ಟಿದ್ದೆ, ಕಳೆದೇ ಹೋಯ್ತು"

ದರ್ಶಿನಿಗಳಲ್ಲಿ ತಟ್ಟೆ ಎತ್ತುವವರು ಟಿಶ್ಯೂ ಬಿಚ್ಚಿ ನೋಡುವುದಿಲ್ಲ. ಸೀದಾ ಬುಟ್ಟಿಗೆ ಹೋಗುತ್ತದೆ. ಮದುವೆ ಮನೆಯ ಬಾಳೆಲೆಯ ಜೊತೆ ಹೋದ ಸೆಟ್ಟುಗಳೂ ಇವೆ. ಹೊರಗೆ ಹೋಗುವಾಗ ಮುಚ್ಚಳ ಇರುವ ಒಂದು ಪುಟ್ಟ ಡಬ್ಬಿ ಜೇಬಿನಲ್ಲೋ ಪರ್ಸಿನಲ್ಲೋ ಇರಲಿ. ತೆಗೆದರೆ ಬಾಯಿಂದ ಡಬ್ಬಿಗೆ, ಡಬ್ಬಿಯಿಂದ ಬಾಯಿಗೆ, ನಡುವೆ ಇನ್ನೆಲ್ಲೂ ಇಡಬೇಡಿ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಎತ್ತರದಲ್ಲಿರಲಿ, ಎಂಜಲಿನ ವಾಸನೆಗೆ ಅದು ಕಚ್ಚಿ ಪುಡಿ ಮಾಡುತ್ತದೆ.

## ಸಡಿಲ, ಬಿರುಕು, ರಿಪೇರಿ

"ಒಂದು ಸೆಟ್ ಎಷ್ಟು ವರ್ಷ ಬರುತ್ತೆ? ಮುರಿಯದಿದ್ದರೆ ಜೀವನಪೂರ್ತಿ ಸಾಕಲ್ವಾ?"

ಸೆಟ್ ಹಾಗೇ ಇರುತ್ತದೆ, ಬಾಯಿ ಬದಲಾಗುತ್ತದೆ. ಎಲ್ಲ ಪ್ರಶ್ನೆಗಳ ಬೇರು ಇದೇ. ಹಲ್ಲನ್ನು ಹಿಡಿದುಕೊಳ್ಳಲೆಂದೇ ಇದ್ದ ಮೂಳೆ, ಹಲ್ಲು ಹೋದ ಮೇಲೆ ಕೆಲಸವಿಲ್ಲದೆ ಸವೆಯುತ್ತ ಹೋಗುತ್ತದೆ. ಮೊದಲ ವರ್ಷ ಜೋರಾಗಿ, ಆಮೇಲೆ ನಿಧಾನವಾಗಿ, ಆದರೆ ನಿಲ್ಲದೆ. ಆಂತ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ ಸೆಟ್ ಹಾಕಿಕೊಂಡವರ ದವಡೆಗಳನ್ನು 25 ವರ್ಷದ ಅವಧಿಯಲ್ಲಿ ಅಳೆದು 1972ರಲ್ಲಿ ಪ್ರಕಟಿಸಿದರು. ಕೆಳದವಡೆ ಮೇಲಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಸವೆದಿತ್ತು. ಕೆಳಗಿನ ಸೆಟ್ಟೇ ಯಾಕೆ ಮೊದಲು ಸಡಿಲವಾಗುತ್ತದೆ ಅನ್ನುವುದಕ್ಕೆ ಇದೂ ಒಂದು ಕಾರಣ.

ಸಡಿಲವಾದರೆ ಮೊದಲ ಉಪಾಯ ರಿಲೈನ್. ಈಗಿನ ಬಾಯಿಯ ಅಳತೆ ತೆಗೆದು ಅದೇ ಸೆಟ್ಟಿಗೆ ಒಳಗಿನಿಂದ ಹೊಸ ಪದರ ಕೊಡುತ್ತೇವೆ. ಹಲ್ಲು ಕಿತ್ತ ದಿನವೇ ಸೆಟ್ ಹಾಕಿಸಿಕೊಂಡವರಿಗೆ ಕೆಲವೇ ತಿಂಗಳಲ್ಲಿ ಇದು ಬೇಕಾಗುತ್ತದೆ. ಅದು ಕೆಲಸ ಕೆಟ್ಟಿದ್ದರಿಂದ ಅಲ್ಲ, ವಸಡು ಮಾಯ್ದು ಕುಗ್ಗಿದ್ದರಿಂದ. ಒಟ್ಟಾರೆ ಐದರಿಂದ ಏಳೆಂಟು ವರ್ಷಕ್ಕೆ ಹೊಸದು ಮಾಡಿಸುವುದು ಒಳ್ಳೆಯದು. ಅಷ್ಟರಲ್ಲಿ ಹಲ್ಲುಗಳೂ ತೇದು ಚಪ್ಪಟೆಯಾಗಿರುತ್ತವೆ. ಗದ್ದ ಮೂಗಿನ ಹತ್ತಿರ ಬಂದಂತೆ ಕಂಡರೆ, ಊಟಕ್ಕೆ ಮೊದಲಿಗಿಂತ ಜಾಸ್ತಿ ಹೊತ್ತು ಬೇಕಾದರೆ, ಬನ್ನಿ. ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ತೋರಿಸಿ.

"ಮೆಡಿಕಲ್ ಶಾಪ್‌ನಲ್ಲಿ ಅಂಟಿಸೋ ಪೌಡರ್ ಕೊಟ್ಟರು, ದಿನಾ ಹಾಕಬಹುದಾ?"

ಚೆನ್ನಾಗಿ ಕೂರುವ ಸೆಟ್ಟಿಗೆ ಇನ್ನೊಂದಿಷ್ಟು ಧೈರ್ಯ ಬೇಕು ಅಂದರೆ ಫಿಕ್ಸನ್ ತರಹದ ಪೌಡರ್ ಅಥವಾ ಪೇಸ್ಟ್ ಸ್ವಲ್ಪ ಹಾಕಿಕೊಳ್ಳಬಹುದು. ಪೇಸ್ಟ್ ಆದರೆ ಕಡಲೆಕಾಳಿನಷ್ಟು, ಮೂರು ನಾಲ್ಕು ಕಡೆ. ಅಂಚಿನಿಂದ ಹೊರಗೆ ಬಂದರೆ ಹೆಚ್ಚಾಯಿತು ಅಂತ ಅರ್ಥ. ರಾತ್ರಿ ಸೆಟ್‌ನಿಂದಲೂ ವಸಡಿನಿಂದಲೂ ಪೂರ್ತಿ ಒರೆಸಿ ತೆಗೆಯಿರಿ.

ಸಡಿಲ ಸೆಟ್ಟನ್ನು ನಿಲ್ಲಿಸಲು ಹೊತ್ತುಹೊತ್ತಿಗೆ ಹಚ್ಚಬೇಕಾಗಿದ್ದರೆ ಅದು ರಿಲೈನ್ ಕೇಳುತ್ತಿದೆ. ಪೇಸ್ಟ್ ಕೊಳ್ಳುವಾಗ ಜಿಂಕ್ ಇಲ್ಲದ್ದನ್ನೇ ಕೇಳಿ. ಜಿಂಕ್ ಇರುವ ಪೇಸ್ಟನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರಲ್ಲಿ ದೇಹದ ತಾಮ್ರ ಕಡಿಮೆಯಾಗಿ ಕಾಲು ಜೋಮು, ನರದ ತೊಂದರೆ ಕಂಡುಬಂದಿದೆ.

"ಎರಡು ತುಂಡಾಗಿದೆ. ಫೆವಿಕ್ವಿಕ್ ಹಾಕಿದೆ, ಆದ್ರೂ ಕೂರ್ತಿಲ್ಲ"

ಕಳೆದ ಮಳೆಗಾಲದಲ್ಲಿ ಒಬ್ಬರು ಕರ್ಚೀಫ್ ಬಿಚ್ಚಿ ಸೆಟ್ ಮೇಜಿನ ಮೇಲಿಟ್ಟರು. ನಡುವಿನ ಬಿರುಕಿನಲ್ಲಿ ಅಂಟು ಮೂರು ಪದರ. ಮೊದಲಿನದು ಹಳದಿಗೆ ತಿರುಗಿತ್ತು, ನಡುವಿನದರಲ್ಲಿ ಟವೆಲ್‌ನ ನೂಲು ಸಿಕ್ಕಿಕೊಂಡಿತ್ತು, ಮೇಲಿನದು ಇನ್ನೂ ಹೊಳೆಯುತ್ತಿತ್ತು. ಪ್ರತಿ ಸಲ ಅಂಟಿಸಿದಾಗಲೂ ಕೂದಲೆಳೆಯಷ್ಟು ಜರುಗಿದೆ. ಆ ಕೂದಲೆಳೆಯೇ ಬಾಯಲ್ಲಿ ಹುಣ್ಣು. ತುಂಡಾದ ಅಂಚುಗಳು ಒಂದಕ್ಕೊಂದು ಸರಿಯಾಗಿ ಕೂರುವಂತಿದ್ದರೆ ಲ್ಯಾಬಿನಲ್ಲಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಜೋಡಿಸಿ ಕೊಡುತ್ತಾರೆ. ಅಂಟು ಕೂತ ಅಂಚಿನಲ್ಲಿ ಆ ಜೋಡಣೆ ಸಿಗುವುದಿಲ್ಲ. ಜೊತೆಗೆ ಆ ಅಂಟು ಬಾಯಿಗೆ ಹಾಕುವ ವಸ್ತುವೂ ಅಲ್ಲ.

ಮುರಿದರೆ ಎಲ್ಲ ಚೂರುಗಳನ್ನೂ ಆಯ್ದು, ಉದುರಿದ ಒಂದು ಹಲ್ಲೂ ಬಿಡದೆ ತನ್ನಿ. ಕೆಳಗೆ ಬೀಳದೆ, ಊಟ ಮಾಡುವಾಗಲೇ ಮುರಿದಿದ್ದರೆ ಬರೀ ಜೋಡಿಸಿಕೊಂಡು ಹೋಗಬೇಡಿ, ಯಾಕೆ ಮುರಿಯಿತು ಅಂತ ಕೇಳಿ. ಹೆಚ್ಚಿನ ಸಲ ಸಡಿಲವಾಗಿ ನಡುವೆ ತೂಗಾಡಿ ಮುರಿದಿರುತ್ತದೆ. ರಿಲೈನ್ ಮಾಡದಿದ್ದರೆ ಮತ್ತೆ ಅಲ್ಲೇ ಮುರಿಯುತ್ತದೆ.

## ಕಾಯಿಲೆ, ಆರೈಕೆ

"ನೋವಿಲ್ಲ, ಆದರೆ ಅಂಗುಳ ಕೆಂಪಗಿದೆ, ತುಟಿ ಮೂಲೆ ಒಡೆದಿದೆ. ಉಷ್ಣ ಇರಬೇಕು ಅಲ್ವಾ?"

ಉಷ್ಣ ಅಲ್ಲ. ಸೆಟ್ಟಿನ ಆಕಾರದಲ್ಲೇ ಅಂಗುಳ ಕೆಂಪಾಗಿದ್ದರೆ ಅದು ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಹಗಲೂ ರಾತ್ರಿ ಸೆಟ್ ಹಾಕಿಕೊಂಡೇ ಇರುವವರಲ್ಲಿ, ಸಕ್ಕರೆ ಕಾಯಿಲೆ ಇದ್ದು ಬಾಯಿ ಒಣಗುವವರಲ್ಲಿ, ಆಸ್ತಮಾಗೆ ಇನ್ಹೇಲರ್ ತೆಗೆದುಕೊಳ್ಳುವವರಲ್ಲಿ ಜಾಸ್ತಿ. ತುಟಿ ಮೂಲೆಯ ಬಿರುಕಿಗೂ ಅದೇ ಕಾರಣ ಇರಬಹುದು, ಹಲ್ಲು ತೇದು ಬಾಯಿ ಕುಗ್ಗಿ ಮೂಲೆಯಲ್ಲಿ ಎಂಜಲು ನಿಲ್ಲುವುದೂ ಇರಬಹುದು. ಔಷಧಿ ಕೊಡುತ್ತೇವೆ, ಆದರೆ ಬಾಯಿಗೆ ಮಾತ್ರ ಔಷಧಿ ಹಚ್ಚಿ ಸೆಟ್ಟನ್ನು ಹಾಗೇ ಬಿಟ್ಟರೆ ಅದು ಮತ್ತೆ ಬರುತ್ತದೆ. ಕ್ರಿಮಿ ಸೆಟ್ಟಿನಲ್ಲೂ ಕೂತಿರುತ್ತದೆ. ಇನ್ಹೇಲರ್ ಎಳೆದುಕೊಂಡ ಮೇಲೆ ಪ್ರತಿ ಸಲ ಬಾಯಿ ಮುಕ್ಕಳಿಸಿ.

"ಸೆಟ್ ಒತ್ತಿ ಹುಣ್ಣಾಗಿದೆ, ಎಷ್ಟು ದಿನ ಕಾಯಬಹುದು?"

ಎರಡು ವಾರ. ಸೆಟ್ ಸರಿಮಾಡಿದ ಮೇಲೂ ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿ ಗಂಟು ಇದ್ದರೆ ಪರೀಕ್ಷೆ ಆಗಲೇಬೇಕು. ನಾನು ಅಂಥವರನ್ನು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುತ್ತೇನೆ. ಹೆಸರು ಕೇಳಿಯೇ ಹೆದರಿ ಕೆಲವರು ಹೋಗದೆ ಉಳಿಯುತ್ತಾರೆ. ದಯವಿಟ್ಟು ಹೋಗಿ. ಬೇಗ ಗೊತ್ತಾದ ಬಾಯಿ ಕ್ಯಾನ್ಸರ್‌ಗೆ ಚಿಕಿತ್ಸೆ ಇದೆ.

"ಅಮ್ಮನಿಗೆ ಮರೆವು. ಸೆಟ್ ತೆಗೆಯೋಕೆ ಬಿಡಲ್ಲ, ತೆಗೆದರೆ ಎಲ್ಲೋ ಇಟ್ಟುಬಿಡ್ತಾರೆ"

ಜಗ್ಗಾಡಬೇಡಿ. ನೀವು ಮೊದಲು ನಿಮ್ಮ ಹಲ್ಲುಜ್ಜಿ ತೋರಿಸಿ, ಆಮೇಲೆ "ಅಮ್ಮಾ, ಈಗ ನಿಮ್ಮದು" ಅನ್ನಿ. ದಿನಾ ಒಂದೇ ಹೊತ್ತು, ಒಂದೇ ಜಾಗ, ಒಂದೇ ಬಣ್ಣದ ಡಬ್ಬಿ ಇರಲಿ. ಕೆಳಗಿನದನ್ನು ಮೊದಲು ತೆಗೆಯಿರಿ. ಮೇಲಿನದು ಬಿಗಿಯಾಗಿದ್ದರೆ ತೋರುಬೆರಳನ್ನು ಕೆನ್ನೆಯ ಬದಿಯಿಂದ ಹಿಂದಕ್ಕೆ ಒಯ್ದು ಅಂಚನ್ನು ಮೆಲ್ಲಗೆ ಕೆಳಗೆ ಒತ್ತಿ, ಗಾಳಿ ಹೋದ ತಕ್ಷಣ ಬಿಡುತ್ತದೆ.

ಸೆಟ್ ಮಾಡಿಸುವಾಗಲೇ ಒಳಗೆ ಹೆಸರು ಹಾಕಿಸಿ. ಲ್ಯಾಬ್‌ನವರು ಪುಟ್ಟ ಚೀಟಿಯನ್ನು ಅಕ್ರಿಲಿಕ್ ಒಳಗೆ ಕೂರಿಸಿ ಕೊಡುತ್ತಾರೆ. ವೃದ್ಧಾಶ್ರಮದಲ್ಲಿ, ಆಸ್ಪತ್ರೆಯಲ್ಲಿ ಇದು ತುಂಬಾ ಉಪಯೋಗ. ಆಸ್ಪತ್ರೆಯ ಹಾಸಿಗೆ ಬಟ್ಟೆಯ ಜೊತೆ ಸೆಟ್ ಲಾಂಡ್ರಿಗೆ ಹೋಗುವುದು ಉಂಟು. ಆಪರೇಷನ್ ಇದ್ದರೆ ಸೆಟ್ ಇದೆ ಅಂತ ನರ್ಸಿಗೆ ಮೊದಲೇ ಹೇಳಿ ತೆಗೆದು, ಹೆಸರು ಬರೆದ ಡಬ್ಬಿಯಲ್ಲಿ ಮನೆಯವರೇ ಇಟ್ಟುಕೊಳ್ಳಿ. ಅರಿವಳಿಕೆ ಕೊಟ್ಟಾಗ ಸಡಿಲ ಸೆಟ್ ಗಂಟಲಿಗೆ ಜಾರಬಹುದು.

## ಬೇರೆ ಬಗೆಯ ಸೆಟ್‌ಗಳು, ಖರ್ಚು

"ನಂದು ನಾಲ್ಕು ಹಲ್ಲಿನ ಕ್ಲಿಪ್ ಸೆಟ್. ಇಷ್ಟೆಲ್ಲಾ ಮಾಡಬೇಕಾ?"

ಇನ್ನೂ ಜಾಸ್ತಿ ಮಾಡಬೇಕು, ಯಾಕೆಂದರೆ ಉಳಿದ ಹಲ್ಲುಗಳ ಜವಾಬ್ದಾರಿಯೂ ಇದೆ. ಕ್ಲಿಪ್ ಹಿಡಿಯುವ ಹಲ್ಲಿನ ಬುಡದಲ್ಲಿ ಅನ್ನ ಕೂತು ಹುಳುಕಾಗುತ್ತದೆ. ಸೆಟ್ ತೆಗೆದು ಆ ಹಲ್ಲನ್ನು ಫ್ಲೋರೈಡ್ ಪೇಸ್ಟ್ ಹಾಕಿ ಉಜ್ಜಿ. ಸೆಟ್ಟನ್ನು ಬೆರಳಿಂದ ಒತ್ತಿ ಕೂರಿಸಿ, ಬಾಯಿ ಮುಚ್ಚಿ ಕಚ್ಚಿ ಕೂರಿಸಬೇಡಿ, ಕ್ಲಿಪ್ ಬಾಗುತ್ತದೆ. ಫ್ಲೆಕ್ಸಿಬಲ್ ಅಂತ ಕರೆಯುವ ನೈಲಾನ್ ಸೆಟ್ ಬಿದ್ದರೂ ಬೇಗ ಮುರಿಯುವುದಿಲ್ಲ, ಆದರೆ ಗಟ್ಟಿ ಬ್ರಷ್ಷಿಗೆ ಬೇಗ ತರಿತರಿಯಾಗುತ್ತದೆ, ರಿಲೈನ್, ರಿಪೇರಿ ಎರಡೂ ಕಷ್ಟ.

"ಕೆಳಗಿನದು ನಿಲ್ಲೋದೇ ಇಲ್ಲ. ಇಂಪ್ಲಾಂಟ್ ಹಾಕಿಸಿದರೆ ಸರಿಹೋಗುತ್ತಾ?"

ಮೂಳೆ ತುಂಬಾ ಸವೆದವರಿಗೆ ಕೆಳದವಡೆಯ ಮುಂಭಾಗದಲ್ಲಿ ಎರಡು ಟೈಟೇನಿಯಂ ಇಂಪ್ಲಾಂಟ್, ಅಂದರೆ ಮೂಳೆಯೊಳಗೆ ಕೂರಿಸುವ ಸಣ್ಣ ತಿರುಪು ಹಾಕಿ, ಅಂಗಿಯ ಪ್ರೆಸ್ ಬಟನ್ ಹಾಗೆ ಸೆಟ್ಟನ್ನು ಅದರ ಮೇಲೆ ಕೂರಿಸಬಹುದು. ಒಂದೂ ಹಲ್ಲಿಲ್ಲದ ಕೆಳದವಡೆಗೆ ಮೊದಲ ಆಯ್ಕೆ ಇದೇ ಆಗಬೇಕು ಅಂತ 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಹೇಳಿದರು. ಖರ್ಚು ಜಾಸ್ತಿ. ಸಕ್ಕರೆ ಹತೋಟಿಯಲ್ಲಿರಬೇಕು. ಮೂಳೆ ಸವೆತಕ್ಕೆ ಇಂಜೆಕ್ಷನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಹಾಕಿಸಿದ ಮೇಲೂ ಸೆಟ್ ರಾತ್ರಿ ತೆಗೆದು ಇಂಪ್ಲಾಂಟ್ ಸುತ್ತ ಮೆದು ಬ್ರಷ್‌ನಿಂದ ಉಜ್ಜಬೇಕು. ಒಳಗಿನ ಪುಟ್ಟ ರಿಂಗ್ ಸವೆದಾಗ ಬದಲಿಸಿಕೊಳ್ಳಬೇಕು.

"ಅಷ್ಟು ದುಡ್ಡಿಲ್ಲ. ಕಡಿಮೆಯಲ್ಲಿ ಎಲ್ಲಿ ಮಾಡಿಸಬಹುದು?"

ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆಯ ಪಕ್ಕ ಸರ್ಕಾರಿ ದಂತ ಕಾಲೇಜು ಇದೆ, 1958ರಿಂದ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿತು. ಕಾರ್ಡ್ ತೆಗೆದುಕೊಂಡು ಹೋಗಿ ಅಲ್ಲಿ ವಿಚಾರಿಸಿ. ಖಾಸಗಿ ದಂತ ಕಾಲೇಜುಗಳಲ್ಲೂ ವಿದ್ಯಾರ್ಥಿಗಳು ಪ್ರೊಫೆಸರ್‌ಗಳ ಕಣ್ಣೆದುರು ಕಡಿಮೆ ಖರ್ಚಿನಲ್ಲಿ ಮಾಡುತ್ತಾರೆ. ನಾಲ್ಕೈದು ಸಲ ಓಡಾಡಬೇಕು, ಕೆಲಸ ಚೆನ್ನಾಗಿರುತ್ತದೆ. ರಸ್ತೆ ಬದಿಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಹಲ್ಲು ಕಟ್ಟಿಕೊಡುವವರ ಹತ್ತಿರ ಹೋಗಬೇಡಿ. ಉಳಿದ ಹಲ್ಲಿಗೆ ಅಕ್ರಿಲಿಕ್ ಕಲಸಿ ಬಾಯಲ್ಲೇ ಅಂಟಿಸಿಬಿಡುತ್ತಾರೆ. ತೆಗೆಯಲು ಬರುವುದಿಲ್ಲ, ಕೆಳಗೆ ವಸಡು ಕೊಳೆಯುತ್ತದೆ, ಕೊನೆಗೆ ಚೆನ್ನಾಗಿದ್ದ ಹಲ್ಲುಗಳನ್ನೂ ಕೀಳಬೇಕಾಗುತ್ತದೆ.

"ಅಪ್ಪ ತೀರಿಕೊಂಡರು. ಅವರ ಸೆಟ್ ಹೊಸದಾಗೇ ಇದೆ, ಅಮ್ಮನಿಗೆ ಆಗುತ್ತಾ?"

ಆಗುವುದಿಲ್ಲಮ್ಮ. ಸೆಟ್ ಅವರ ಬಾಯಿಯ ಅಚ್ಚು, ಇನ್ನೊಬ್ಬರ ವಸಡಿಗೆ ಅದು ಎಲ್ಲೂ ಕೂರುವುದಿಲ್ಲ, ಗಾಯ ಮಾಡುತ್ತದೆ. ಅಮ್ಮನ ಸ್ವಂತ ಹಳೇ ಸೆಟ್ ಇದ್ದರೆ ಅದನ್ನು ಎಸೆಯಬೇಡಿ. ಹೊಸದು ಮಾಡಿಸಲು ಬರುವಾಗ ತನ್ನಿ. ಅದರ ಹಲ್ಲು ಎಲ್ಲಿ ತೇದಿದೆ, ಅವರು ಯಾವ ಕಡೆ ಅಗಿಯುತ್ತಾರೆ, ಮೊದಲು ನಗುವಾಗ ಎಷ್ಟು ಹಲ್ಲು ಕಾಣುತ್ತಿತ್ತು ಅನ್ನುವುದೆಲ್ಲ ಅದರಿಂದ ನಮಗೆ ತಿಳಿಯುತ್ತದೆ. ಹೊಸದು ಬಂದ ಮೇಲೆ ಹಳೆಯದನ್ನು ಮುಚ್ಚಳದ ಡಬ್ಬಿಯಲ್ಲಿ ನೀರು ಹಾಕಿ ಇಟ್ಟುಕೊಳ್ಳಿ. ಹೊಸದು ರಿಪೇರಿಗೆ ಹೋದ ಎರಡು ದಿನ ಅಮ್ಮ ಊಟ ಮಾಡಲು ಅದು ಬೇಕಾಗುತ್ತದೆ.